ಮನೆಯಲ್ಲೇ ಕಂಪ್ಯೂಟರ್ ಜೋಡಿಸುವವರಿಗೆ: ಪ್ರೊಸೆಸರ್, ರ‍್ಯಾಮ್ ಆರಿಸುವುದು ಹೇಗೆ?

ಪಿಯುಸಿ ಫಲಿತಾಂಶ ಬಂದು, ಎಂಜಿನಿಯರಿಂಗ್ ಸೀಟು ಸಿಕ್ಕಿತು ಅನ್ನುವ ಹೊತ್ತಿಗೆ ನನಗೆ ಫೋನ್ ಬರಲು ಶುರುವಾಗುತ್ತದೆ. ಕಾರ್ಕಳದಿಂದ, ಮೂಡುಬಿದಿರೆಯಿಂದ, ಸುರತ್ಕಲ್‌ನಿಂದ. ಊರು ಬೇರೆ, ಪ್ರಶ್ನೆ ಒಂದೇ: "ಐ5 ಒಳ್ಳೆಯದಾ, ರೈಜನ್ ಒಳ್ಳೆಯದಾ? ರ‍್ಯಾಮ್ 8 ಜಿಬಿ ಸಾಕಾ, 16 ಬೇಕಾ?" (ಐ3, ಐ5, ಐ7 ಇಂಟೆಲ್ ಕಂಪನಿಯ ಪ್ರೊಸೆಸರ್, ರೈಜನ್ ಎಎಂಡಿ ಕಂಪನಿಯದ್ದು.) ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವಾಗ ಏನಾದರೂ ಬಿಟ್ಟುಹೋಗುತ್ತದೆ. ಹಾಗಾಗಿ ಒಮ್ಮೆ ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಇವತ್ತು ಪ್ರೊಸೆಸರ್, ಆಫರ್ ಬಂದಾಗ ರ‍್ಯಾಮ್, ಆಮೇಲೆ ಮದರ್‌ಬೋರ್ಡ್ (ಇವೆಲ್ಲ ಕೂರುವ ಮುಖ್ಯ ಬೋರ್ಡ್) ಎಂದು ಆರಿಸಲು ಹೋಗಬೇಡಿ. ಈ ಮೂರೂ ಸೇರಿ ಒಂದೇ ಆಯ್ಕೆ. ಒಂದನ್ನು ಹಿಡಿದ ಕೂಡಲೇ ಇನ್ನೆರಡಕ್ಕೆ ಗಡಿ ಬೀಳುತ್ತದೆ. "ಕೂರ್ತಾ ಇಲ್ಲ", "ಆನ್ ಆಗ್ತಾ ಇಲ್ಲ" ಎಂದು ನನ್ನ ಹತ್ತಿರ ಬರುವ ಕೇಸುಗಳಲ್ಲಿ ಹೆಚ್ಚಿನವು ಇದನ್ನು ಮರೆತು ತಂದವು.

ನಾಲ್ಕು ಪದ ಗೊತ್ತಿರಲಿ

ಮದುವೆ ಮನೆಯ ಅಡುಗೆ ಚಪ್ಪರವನ್ನು ನೆನಪು ಮಾಡಿಕೊಳ್ಳಿ. ಅಡುಗೆ ಭಟ್ಟರ ತಂಡವೇ ಪ್ರೊಸೆಸರ್. ಎಷ್ಟು ಜನ ಭಟ್ಟರೋ ಅಷ್ಟು ಕೋರ್. ಒಬ್ಬರು ಸಾರು ಕುದಿಯುವವರೆಗೆ ಸುಮ್ನೆ ನಿಲ್ಲದೆ ಪಕ್ಕದ ಪಲ್ಯಕ್ಕೆ ಒಗ್ಗರಣೆ ಹಾಕುತ್ತಾರಲ್ವಾ, ಅದು ಥ್ರೆಡ್. ಅಂದರೆ ಒಂದೇ ಕೋರ್ ಎರಡು ಕೆಲಸ ಸಂಭಾಳಿಸುವುದು. ಹಾಗೆಂದು ಆರು ಕೋರ್, ಹನ್ನೆರಡು ಥ್ರೆಡ್ ಎಂದರೆ ಹನ್ನೆರಡು ಭಟ್ಟರಲ್ಲ, ಇರುವವರು ಆರೇ ಜನ. ಭಟ್ಟರ ಕೈಗೆ ಸಿಗುವಂತೆ ಇಟ್ಟ ಉಪ್ಪು-ಮೆಣಸಿನ ಡಬ್ಬ ಕ್ಯಾಶ್. ತರಕಾರಿ ಹೆಚ್ಚಿ ಹರಡಿಕೊಂಡ ಕಟ್ಟೆ ರ‍್ಯಾಮ್. ಹಿಂದಿನ ಉಗ್ರಾಣ ಎಸ್‌ಎಸ್‌ಡಿ. ಕಟ್ಟೆ ಚಿಕ್ಕದಾದರೆ ಪ್ರತಿ ಸಲ ಉಗ್ರಾಣಕ್ಕೆ ಓಡಬೇಕು. ರ‍್ಯಾಮ್ ಸಾಲದ ಕಂಪ್ಯೂಟರ್ ತೆವಳುವುದು ಇದೇ ಕಾರಣಕ್ಕೆ. ಕಟ್ಟೆ ಬೇಕಾದ್ದಕ್ಕಿಂತ ದೊಡ್ಡದಾಯಿತು ಎಂದು ಅಡುಗೆ ಬೇಗ ಆಗುವುದಿಲ್ಲ, ಅದೂ ನೆನಪಿರಲಿ.

ಹಂತ 1: ಮಾಡುವ ಕೆಲಸವನ್ನು ಬರೆದುಕೊಳ್ಳಿ

ಕಾಗದ ತೆಗೆದುಕೊಂಡು ಬರೆಯಿರಿ. ಮನಸ್ಸಿನಲ್ಲೇ ಲೆಕ್ಕ ಹಾಕಿದರೆ ಎಲ್ಲರಿಗೂ "ಎಲ್ಲ ಕೆಲಸಕ್ಕೂ ಬೇಕು" ಎಂದೇ ಅನಿಸುತ್ತದೆ. ಯಾವ ಸಾಫ್ಟ್‌ವೇರ್, ವಾರಕ್ಕೆ ಎಷ್ಟು ಗಂಟೆ ಎಂದು ಬರೆದಾಗ ನಿಜ ಗೊತ್ತಾಗುತ್ತದೆ.

ಅಂಗಡಿ ಲೆಕ್ಕ, ನುಡಿಯಲ್ಲಿ ಟೈಪಿಂಗ್, ಬ್ಯಾಂಕ್ ಕೆಲಸ, ಮಕ್ಕಳ ಆನ್‌ಲೈನ್ ಪಾಠ. ಇಷ್ಟೇ ಆದರೆ ನಾಲ್ಕು ಕೋರಿನ ಇಂಟೆಲ್ ಐ3-12100 ಧಾರಾಳ ಸಾಕು. ಇದಕ್ಕಿಂತ ಮೇಲಿನದಕ್ಕೆ ಹಣ ಕೊಟ್ಟರೆ ನಿಮಗೆ ವ್ಯತ್ಯಾಸ ಕಾಣುವುದೇ ಇಲ್ಲ. ಆ ಹಣವನ್ನು ಒಳ್ಳೆಯ ಎಸ್‌ಎಸ್‌ಡಿಗೆ, ಯುಪಿಎಸ್‌ಗೆ ಹಾಕಿ.

ಎಂಜಿನಿಯರಿಂಗ್ ವಿದ್ಯಾರ್ಥಿ, ಕೋಡಿಂಗ್ ಮಾಡುತ್ತೀರಿ, ಆಂಡ್ರಾಯ್ಡ್ ಸ್ಟುಡಿಯೋ ತೆರೆಯುತ್ತೀರಿ, ಅಟೋಕ್ಯಾಡ್ ಕೂಡ ಬೇಕು ಎಂದರೆ ಆರು ಕೋರ್. ಇಂಟೆಲ್ ಐ5-12400, ರೈಜನ್ 5 5600, ರೈಜನ್ 5 7600, ಮೂರೂ ಆರು ಕೋರ್, ಹನ್ನೆರಡು ಥ್ರೆಡ್‌ನವು. ಮನೆ ಬಳಕೆಯ ಹೆಚ್ಚಿನವರಿಗೆ ನಾನು ಹೇಳುವುದು ಈ ಮಟ್ಟವನ್ನೇ. ಗೇಮ್ ಆಡುವವರಿಗೂ ಇಷ್ಟರಿಂದಲೇ ಶುರು. ಅಲ್ಲಿಂದ ಮೇಲಿನ ದುಡ್ಡು ಮೊದಲು ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು, ಪ್ರೊಸೆಸರ್‌ಗಲ್ಲ.

ವಿಡಿಯೋ ಎಡಿಟಿಂಗ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಮದುವೆ, ನೇಮ, ಇಡೀ ರಾತ್ರಿಯ ಯಕ್ಷಗಾನ ಶೂಟ್ ಮಾಡಿ ಎಡಿಟ್ ಮಾಡುವವರು ತುಂಬಾ ಜನ. ಮೂರು ಕ್ಯಾಮೆರಾದ ಗಂಟೆಗಟ್ಟಲೆ ಫೂಟೇಜ್ ಟೈಮ್‌ಲೈನ್ ಮೇಲೆ ಬಿದ್ದಾಗ ಕೋರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು, ಎಂಟಕ್ಕೆ ಕಡಿಮೆ ಬೇಡ. ಇದರ ಜೊತೆ ಇನ್ನೊಂದು ವಿಷಯವಿದೆ. ಇಂಟೆಲ್ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಎಂಬ ವ್ಯವಸ್ಥೆ ಇದೆ. ಕ್ಯಾಮೆರಾದ ಎಚ್.264, ಎಚ್.265 ಫೈಲುಗಳನ್ನು ಬಿಚ್ಚುವ ಕೆಲಸವನ್ನು ಅದು ಕೋರ್‌ಗಳ ತಲೆಯ ಮೇಲಿಂದ ಇಳಿಸುತ್ತದೆ. ಈಗಿನ ಕ್ಯಾಮೆರಾಗಳ 10 ಬಿಟ್ 4:2:2 ಎಚ್.265 ಫೈಲುಗಳಿಗೂ ಇದು ನೆರವಾಗುತ್ತದೆ. ಟೈಮ್‌ಲೈನ್ ಎಳೆದಾಗ ಚಿತ್ರ ತಡವರಿಸುವುದು ಇದರಿಂದಲೇ ಎಷ್ಟೋ ಕಡಿಮೆಯಾಗುತ್ತದೆ. ಆದ್ದರಿಂದ ಇಂಟೆಲ್‌ನಲ್ಲಿ ಎಡಿಟಿಂಗ್ ಮೆಷಿನ್ ಜೋಡಿಸುವವರು ಎಷ್ಟೇ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ, ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್ ತೆಗೆದುಕೊಳ್ಳಬೇಡಿ. ಯಾಕೆ ಎಂಬುದು ಮುಂದಿನ ಹಂತದಲ್ಲಿದೆ.

ಹಂತ 2: ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕುತ್ತೀರಾ, ಇಲ್ಲವಾ?

ಇದನ್ನು ಈಗಲೇ ತೀರ್ಮಾನಿಸಿ. ಕೆಲವು ಪ್ರೊಸೆಸರ್‌ಗಳ ಒಳಗೇ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಇರುತ್ತದೆ. ಕೆಲವಕ್ಕೆ ಇರುವುದೇ ಇಲ್ಲ.

ಇಂಟೆಲ್‌ನಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಐ5-12400ರಲ್ಲಿ ಇದೆ, ಐ5-12400ಎಫ್‌ನಲ್ಲಿ ಇಲ್ಲ. ಎಎಂಡಿಯ ಹಳೆಯ ಎಎಂ4 ಸಾಲಿನಲ್ಲಿ (ರೈಜನ್ 5000ದವರೆಗಿನವು, ವಿವರ ಹಂತ 4ರಲ್ಲಿದೆ) ಲೆಕ್ಕ ತಿರುಗಾಮುರುಗಾ: ಹೆಸರಿನಲ್ಲಿ ಜಿ ಇದ್ದರೆ ಮಾತ್ರ ಗ್ರಾಫಿಕ್ಸ್. ರೈಜನ್ 5 5600ಜಿಯಲ್ಲಿ ಇದೆ, 5600ರಲ್ಲಿ ಇಲ್ಲ. ಹೊಸ ರೈಜನ್ 7000 ಮತ್ತು 9000ದಲ್ಲಿ ಎಫ್ ಇಲ್ಲದವಕ್ಕೆಲ್ಲ ಚಿಕ್ಕದೊಂದು ಗ್ರಾಫಿಕ್ಸ್ ಕೊಟ್ಟಿದ್ದಾರೆ. ಪರದೆ ಕಾಣಲು, ವಿಡಿಯೋ ನೋಡಲು ಅದು ಸಾಕು, ಗೇಮಿಗೆ ಸಾಲದು. ಕಾರ್ಡ್ ಹಾಕದೆಯೇ ಚಿಕ್ಕಪುಟ್ಟ ಗೇಮ್ ಆಡಬೇಕು ಎಂದರೆ 8600ಜಿ, 8700ಜಿ ನೋಡಿ.

ಎಫ್ ಪ್ರೊಸೆಸರ್ ಒಂದೆರಡು ಸಾವಿರ ಕಡಿಮೆಗೆ ಸಿಗುತ್ತದೆ ಎಂದು ತಂದು, ಎಲ್ಲ ಜೋಡಿಸಿ, ಮಾನಿಟರ್ ಕಪ್ಪಗೇ ಇದೆ ಎಂದು ರಾತ್ರಿ ಹತ್ತಕ್ಕೆ ಫೋನ್ ಮಾಡಿದವರು ಒಬ್ಬಿಬ್ಬರಲ್ಲ. ನನ್ನ ಸಲಹೆ: ಬಜೆಟ್ ತೀರಾ ಬಿಗಿ ಇಲ್ಲದಿದ್ದರೆ ಒಳಗೆ ಗ್ರಾಫಿಕ್ಸ್ ಇರುವುದನ್ನೇ ತೆಗೆದುಕೊಳ್ಳಿ. ನಾಳೆ ಕಾರ್ಡ್ ಕೆಟ್ಟು ಸರ್ವಿಸ್‌ಗೆ ಕಳಿಸಿದರೆ, ಅದು ಬರುವವರೆಗೆ ಕಂಪ್ಯೂಟರ್ ಮೂಲೆಗೆ ಬೀಳುವುದಿಲ್ಲ.

ಹಂತ 3: ಹೆಸರನ್ನು ಓದಲು ಕಲಿಯಿರಿ

"ಐ5 ಕಂಪ್ಯೂಟರ್, ತುಂಬಾ ಕಡಿಮೆ ರೇಟ್" ಎಂಬ ಜಾಹೀರಾತು ನೋಡಿರುತ್ತೀರಿ. ಐ5 ಎಂಬ ಎರಡಕ್ಷರದಿಂದ ಏನೂ ಗೊತ್ತಾಗುವುದಿಲ್ಲ. ಅದರ ಮುಂದಿನ ಅಂಕಿಯೇ ಮುಖ್ಯ. ಐ5-4570 ಎಂದರೆ 4ನೇ ತಲೆಮಾರು, 2013ರದ್ದು. ಐ5-12400 ಎಂದರೆ 12ನೇ ತಲೆಮಾರು, 2022ರದ್ದು. ಹೊಸ ಐ3-12100 ಆ ಹಳೆಯ ಐ5ನ್ನು ಮಾತ್ರವಲ್ಲ, 2017ರ ಐ7-7700ಕೆಯನ್ನೂ ಹಿಂದೆ ಹಾಕುತ್ತದೆ. ಅಂಗಡಿಯಲ್ಲಿ ಕೇಳಬೇಕಾದ್ದು "ಐ5 ಇದೆಯಾ" ಎಂದಲ್ಲ, "ಯಾವ ನಂಬರ್" ಎಂದು. ನಂಬರ್ ಹೇಳಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.

ಹಳೆಯದರ ಇನ್ನೊಂದು ತೊಂದರೆ ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಇಂಟೆಲ್‌ನಲ್ಲಿ 8ನೇ ತಲೆಮಾರಿನಿಂದ ಈಚೆಗೆ, ರೈಜನ್‌ನಲ್ಲಿ 2000 ಸಾಲಿನಿಂದ ಈಚೆಗೆ. ಎಚ್61 ಎಂಬ ಮದರ್‌ಬೋರ್ಡ್ ಇವತ್ತಿಗೂ ಹೊಸ ಡಬ್ಬದಲ್ಲಿ ಸಿಗುತ್ತದೆ. ಡಬ್ಬ ಹೊಸದು, ಒಳಗಿನ ಚಿಪ್‌ಸೆಟ್ (ಬೋರ್ಡನ್ನು ನಡೆಸುವ ಚಿಪ್, ಬೋರ್ಡಿಗೆ ಎಚ್61 ಎಂಬಂಥ ಹೆಸರು ಬರುವುದು ಇದರಿಂದಲೇ) 2011ರದ್ದು. ಅದರ ಮೇಲೆ ಕೂರುವುದು 2 ಮತ್ತು 3ನೇ ತಲೆಮಾರಿನ ಪ್ರೊಸೆಸರ್ ಮಾತ್ರ. ಹೊಸದಾಗಿ ಜೋಡಿಸುವವರು ಅದರ ತಂಟೆಗೆ ಹೋಗಬೇಡಿ.

ಇಂಟೆಲ್‌ನಲ್ಲಿ ಕೊನೆಗೆ ಕೆ ಇದ್ದರೆ ವೇಗವನ್ನು ನಾವೇ ಏರಿಸಬಹುದು ಎಂದರ್ಥ. ಅದಕ್ಕೆ ದುಬಾರಿ ಝಡ್ ಸಾಲಿನ ಬೋರ್ಡ್ ಬೇಕು, ಪ್ರೊಸೆಸರನ್ನು ತಣ್ಣಗಿಡುವ ದೊಡ್ಡ ಕೂಲರ್ ಬೇಕು. ಹೆಚ್ಚಿನವರಿಗೆ ಬೇಡ. ಎಎಂಡಿಯಲ್ಲಿ ಎಕ್ಸ್3ಡಿ ಎಂದಿದ್ದರೆ ಕ್ಯಾಶ್ ತುಂಬಾ ಜಾಸ್ತಿ. 7800ಎಕ್ಸ್3ಡಿಯಲ್ಲಿ ಎಲ್3 ಕ್ಯಾಶ್ 96 ಎಂಬಿ ಇದೆ. ಗೇಮಿಗೆ ಇದು ನಿಜಕ್ಕೂ ಒಳ್ಳೆಯದು, ಟ್ಯಾಲಿಗೆ ಯಾವ ಉಪಯೋಗವೂ ಇಲ್ಲ. ರೈಜನ್ 5 5500 ಮತ್ತು 5600 ಅಕ್ಕಪಕ್ಕದವರ ಹಾಗೆ ಕಾಣುತ್ತವೆ, ಆದರೆ 5500ರಲ್ಲಿ ಕ್ಯಾಶ್ ಅರ್ಧ, 32ರ ಬದಲು 16 ಎಂಬಿ. ಬೆಲೆಯಲ್ಲಿ ಸ್ವಲ್ಪವೇ ವ್ಯತ್ಯಾಸ ಇದ್ದರೆ 5600 ತೆಗೆದುಕೊಳ್ಳಿ.

ಹಂತ 4: ಸಾಕೆಟ್ ಮತ್ತು ರ‍್ಯಾಮ್ ಜಾತಿ ಒಟ್ಟಿಗೆ ತೀರ್ಮಾನಿಸಿ

ಪ್ರೊಸೆಸರ್ ಕೂರುವ ಜಾಗವೇ ಸಾಕೆಟ್. ಅದು ಬೇರೆಯಾದರೆ ಪ್ರೊಸೆಸರ್ ಕೂರುವುದೇ ಇಲ್ಲ. ರ‍್ಯಾಮ್‌ನಲ್ಲೂ ಡಿಡಿಆರ್4, ಡಿಡಿಆರ್5 ಎಂಬ ಎರಡು ಜಾತಿ ಇದೆ. ಎರಡಕ್ಕೂ 288 ಪಿನ್, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಒಂದರ ಜಾಗದಲ್ಲಿ ಇನ್ನೊಂದು ಹೋಗದು. ಬಲವಂತ ಮಾಡಿದರೆ ಸ್ಲಾಟ್ ಮುರಿಯುತ್ತದೆ.

ಈಗ ಪೇಟೆಯಲ್ಲಿ ಸಿಗುವ ದಾರಿ ನಾಲ್ಕು.

ಎಎಂ4: ರೈಜನ್ 5000ದವರೆಗೆ, ಡಿಡಿಆರ್4 ಮಾತ್ರ. ಇದು ಮುಗಿದ ದಾರಿ, ಮುಂದೆ ಏರಿಸಲು ಜಾಗವಿಲ್ಲ. ಆದರೆ ಕಡಿಮೆ ಖರ್ಚಿನ ಕಂಪ್ಯೂಟರ್‌ಗೆ ಈಗಲೂ ಗಟ್ಟಿ.

ಎಲ್‌ಜಿಎ1700: ಇಂಟೆಲ್ 12, 13, 14ನೇ ತಲೆಮಾರು. ಪ್ರೊಸೆಸರ್ ಎರಡೂ ಜಾತಿಯ ರ‍್ಯಾಮ್‌ಗೆ ಒಪ್ಪುತ್ತದೆ, ಬೋರ್ಡ್ ಒಂದಕ್ಕೆ ಮಾತ್ರ. ಒಂದೇ ಬಿ760 ಹೆಸರಿನಲ್ಲಿ ಡಿಡಿಆರ್4 ಬೋರ್ಡೂ ಬರುತ್ತದೆ, ಡಿಡಿಆರ್5 ಬೋರ್ಡೂ ಬರುತ್ತದೆ. ಮಾಡೆಲ್ ಹೆಸರಿನಲ್ಲಿ ಡಿ4 ಅಥವಾ ಡಿಡಿಆರ್4 ಎಂದು ಇದೆಯಾ ಎಂದು ಅಕ್ಷರ ಅಕ್ಷರ ಓದಿ. ಹೆಚ್ಚು ಜನ ಎಡವುವುದು ಇಲ್ಲೇ.

ಎಎಂ5: 2022ರಲ್ಲಿ ಬಂತು. ರೈಜನ್ 7000, 8000, 9000. ಡಿಡಿಆರ್5 ಮಾತ್ರ. 2027 ಮತ್ತು ಅದರಾಚೆಗೂ ಈ ಸಾಕೆಟ್‌ಗೆ ಪ್ರೊಸೆಸರ್ ತರುತ್ತೇವೆ ಎಂದು ಎಎಂಡಿ ಹೇಳಿದೆ.

ಎಲ್‌ಜಿಎ1851: ಇಂಟೆಲ್ ಕೋರ್ ಅಲ್ಟ್ರಾ 200 ಸಾಲು, 2024ರ ಅಕ್ಟೋಬರ್‌ನದ್ದು. ಇದೂ ಡಿಡಿಆರ್5 ಮಾತ್ರ.

ಹಾಗಾದರೆ ಯಾವುದು? ಎಲ್ಲವನ್ನೂ ಹೊಸದಾಗಿ ಕೊಳ್ಳುತ್ತೀರಿ, ನಾಲ್ಕೈದು ವರ್ಷದ ನಂತರ ಪ್ರೊಸೆಸರ್ ಮಾತ್ರ ಬದಲಿಸುವ ಯೋಚನೆ ಇದೆ ಎಂದರೆ ನಾನು ಎಎಂ5 ಎನ್ನುತ್ತೇನೆ. ಆದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ರಾಶಿ ರಾಶಿ ಹೋಗುತ್ತಿರುವುದು ಇದಕ್ಕೆ ಕಾರಣ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಮನೆ ಬಳಕೆಯವರಿಗೆ ಮಾರುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಹೀಗಿರುವಾಗ ಮನೆಯ ಹಳೆ ಕಂಪ್ಯೂಟರಿನಲ್ಲಿ ಎರಡು ಒಳ್ಳೆಯ ಡಿಡಿಆರ್4 ಸ್ಟಿಕ್ ಇದ್ದರೆ ಅದನ್ನು ಬಿಡಬೇಡಿ. ರ‍್ಯಾಮನ್ನು ಮೊದಲು ಕೈಯಲ್ಲಿ ಹಿಡಿದು, ಅದಕ್ಕೆ ಹೊಂದುವ ಬೋರ್ಡ್, ಪ್ರೊಸೆಸರ್ ಹುಡುಕಿ. ಎಂದಿನ ಕ್ರಮಕ್ಕೆ ಇದು ಉಲ್ಟಾ, ಆದರೆ ಈಗಿನ ಬೆಲೆಯಲ್ಲಿ ಇದೇ ಸರಿ.

ಇಲ್ಲಿ ಎರಡು ಎಚ್ಚರಿಕೆ.

ಒಂದು ಬಯೋಸ್. ಮದರ್‌ಬೋರ್ಡ್ ಎದ್ದೇಳುವಾಗ ಮೊದಲು ಓಡುವ ಚಿಕ್ಕ ಪ್ರೋಗ್ರಾಂ ಅದು. ಗೋದಾಮಿನಲ್ಲಿ ಎರಡು ವರ್ಷ ಕೂತ ಬಿ660 ಬೋರ್ಡ್‌ಗೆ 14ನೇ ತಲೆಮಾರಿನ ಪ್ರೊಸೆಸರ್ ಪರಿಚಯವೇ ಇಲ್ಲದಿರಬಹುದು. ಬಿ450ಗೆ ರೈಜನ್ 5000, ಬಿ650ಗೆ ರೈಜನ್ 9000 ಹಾಕುವಾಗಲೂ ಇದೇ ಕಥೆ. ಕೊಳ್ಳುವ ಮೊದಲೇ "ಬಯೋಸ್ ಅಪ್‌ಡೇಟ್ ಮಾಡಿ ಕೊಡಿ" ಎಂದು ಕೇಳಿ. ಅಥವಾ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಮಾಡುವ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ತೆಗೆದುಕೊಳ್ಳಿ.

ಇನ್ನೊಂದು ಇಂಟೆಲ್ 13, 14ನೇ ತಲೆಮಾರಿನ ಐ7, ಐ9 ಮತ್ತು ಐ5ರ ಕೆ ಮಾಡೆಲ್‌ಗಳ ವಿಷಯ. ವೋಲ್ಟೇಜ್ ಬೇಕಾದ್ದಕ್ಕಿಂತ ಹೆಚ್ಚು ಹೋಗಿ ಪ್ರೊಸೆಸರ್ ಮೆಲ್ಲ ಮೆಲ್ಲ ಹಾಳಾಗುತ್ತಿತ್ತು. 2024ರಲ್ಲಿ ಇಂಟೆಲ್ ಇದನ್ನು ಒಪ್ಪಿ ಸರಿಪಡಿಸುವ ಮೈಕ್ರೋಕೋಡ್ (ಬಯೋಸ್ ಅಪ್‌ಡೇಟ್ ಜೊತೆ ಬರುವ ಪ್ರೊಸೆಸರ್‌ನ ತಿದ್ದುಪಡಿ) ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಹೊಸ ಬಯೋಸ್ ಹಾಕಿಯೇ ಬಳಸಿ. ಆದರೆ ಆಗಲೇ ಹಾಳಾದದ್ದು ಬಯೋಸ್‌ನಿಂದ ಸರಿಯಾಗುವುದಿಲ್ಲ. ಹಾಗಾಗಿ ಇವುಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಲೇಬೇಡಿ. 12ನೇ ತಲೆಮಾರಿಗೆ ಈ ತೊಂದರೆ ಇಲ್ಲ.

ಹಂತ 5: ರ‍್ಯಾಮ್ ಎಷ್ಟು? ಎಷ್ಟು ಸ್ಟಿಕ್?

ಇವತ್ತು ಹೊಸದಾಗಿ ಜೋಡಿಸುವವರಿಗೆ 16 ಜಿಬಿ ಹೇಳುತ್ತೇನೆ. ವಿಂಡೋಸ್ 11 ಮತ್ತು ಬ್ರೌಸರಿನ ಹತ್ತು ಟ್ಯಾಬ್ ಸೇರಿದರೆ 8 ಜಿಬಿ ಅಲ್ಲಿಗೇ ತುಂಬಿಬಿಡುತ್ತದೆ. ಬರೀ ಲೆಕ್ಕ, ಟೈಪಿಂಗ್ ಎಂದಾದರೆ ಮಾತ್ರ ಈಗಿನ ಬೆಲೆ ನೋಡಿ 8ರಿಂದ ಶುರು ಮಾಡಬಹುದು. ಎಡಿಟಿಂಗ್ ಮಾಡುವವರಿಗೆ, ವರ್ಚುವಲ್ ಮೆಷಿನ್ ಓಡಿಸುವವರಿಗೆ 32. ಅದಕ್ಕಿಂತ ಜಾಸ್ತಿ ಬೇಕಾದವರಿಗೆ ಅದು ಅವರಿಗೇ ಗೊತ್ತಿರುತ್ತದೆ.

ಈಗ ಮುಖ್ಯ ವಿಷಯ. 16 ಬೇಕಾದರೆ 8ರ ಎರಡು ತನ್ನಿ, 16ರ ಒಂದಲ್ಲ. ಒಂದೇ ಪಂಕ್ತಿಗೆ ಒಬ್ಬರೇ ಬಡಿಸುವುದಕ್ಕೂ, ಎರಡು ತುದಿಯಿಂದ ಇಬ್ಬರು ಬಡಿಸುವುದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ? ಇದಕ್ಕೆ ಡ್ಯುಯಲ್ ಚಾನೆಲ್ ಎನ್ನುತ್ತಾರೆ. ರ‍್ಯಾಮ್‌ನಿಂದ ಪ್ರೊಸೆಸರ್‌ಗೆ ಹೋಗುವ ದಾರಿ ಎರಡುಪಟ್ಟು ಅಗಲವಾಗುತ್ತದೆ. ಒಳಗಿನ ಗ್ರಾಫಿಕ್ಸ್ ನೆಚ್ಚಿಕೊಂಡವರಿಗೆ ಇದು ಇನ್ನೂ ಮುಖ್ಯ. ಆ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ನಿಮ್ಮ ರ‍್ಯಾಮ್‌ನಲ್ಲೇ ಪಾಲು ಕೇಳುತ್ತದೆ. 5600ಜಿಗೆ ಒಂದೇ ಸ್ಟಿಕ್ ಹಾಕಿ ಗೇಮ್ ಆಡಿದರೆ ಆ ಪ್ರೊಸೆಸರ್‌ಗೆ ಅನ್ಯಾಯ. 16 ಜಿಬಿ ಹಾಕಿದರೂ 15ರ ಆಸುಪಾಸು ಅಥವಾ ಇನ್ನೂ ಕಡಿಮೆ ತೋರಿಸುವುದು ಈ ಪಾಲಿನಿಂದಲೇ, ಅಂಗಡಿಯವರ ಮೋಸವಲ್ಲ.

"ಈಗ ಎರಡು ಹಾಕಿ, ಮುಂದೆ ಇನ್ನೆರಡು ಸೇರಿಸುತ್ತೇನೆ" ಎನ್ನುವವರಿಗೆ: ಡಿಡಿಆರ್4ರಲ್ಲಿ ಸರಿ. ಡಿಡಿಆರ್5ರಲ್ಲಿ ನಾಲ್ಕು ಸ್ಟಿಕ್ ಆದರೆ ವೇಗ ಬೀಳುತ್ತದೆ. ರೈಜನ್ 7000ಕ್ಕೆ ಎರಡು ಸ್ಟಿಕ್‌ನಲ್ಲಿ ಅಧಿಕೃತ ವೇಗ 5200, ನಾಲ್ಕರಲ್ಲಿ 3600. ಮುಂದೆ 32 ಬೇಕೇ ಬೇಕು ಎಂದು ಈಗಲೇ ಗೊತ್ತಿದ್ದರೆ, ದುಡ್ಡು ಕೂಡಿಸಿ 16ರ ಎರಡನ್ನೇ ತನ್ನಿ. ಎರಡೂ ಒಂದೇ ಪ್ಯಾಕೆಟಿನಲ್ಲಿ ಬರುವ ಕಿಟ್ ಇರಲಿ. ಬೇರೆ ಬೇರೆ ಸಮಯದಲ್ಲಿ ಕೊಂಡ ಸ್ಟಿಕ್‌ಗಳು ಹೊರಗೆ ಒಂದೇ ಹೆಸರಿದ್ದರೂ ಒಳಗೆ ಬೇರೆ ಚಿಪ್ ಇರಬಹುದು.

ಆನ್‌ಲೈನ್‌ನಲ್ಲಿ ಕೊಳ್ಳುವವರು ಎರಡು ಪದ ಗಮನಿಸಿ. ಎಸ್‌ಒ-ಡಿಮ್ ಎಂದರೆ ಲ್ಯಾಪ್‌ಟಾಪಿನ ಚಿಕ್ಕ ಸ್ಟಿಕ್. ರಿಜಿಸ್ಟರ್ಡ್ ಅಥವಾ ಆರ್‌ಡಿಮ್ ಎಂದರೆ ಸರ್ವರಿನದ್ದು. ಎರಡೂ ಮನೆಯ ಬೋರ್ಡಿನಲ್ಲಿ ನಡೆಯುವುದಿಲ್ಲ. ಅಗ್ಗವಾಗಿ ಕಂಡದ್ದು ಕೆಲವೊಮ್ಮೆ ಇವೇ ಆಗಿರುತ್ತವೆ.

ಹಂತ 6: ವೇಗದ ಅಂಕಿ, ಸಿಎಲ್ ಅಂಕಿ

ಡಬ್ಬದ ಮೇಲೆ 3200, 6000 ಎಂದು ಬರೆದದ್ದು ವೇಗ. ಸಿಎಲ್16, ಸಿಎಲ್30 ಎಂದದ್ದು, ಕೇಳಿದ ಮೇಲೆ ಉತ್ತರ ಕೊಡಲು ರ‍್ಯಾಮ್ ಎಷ್ಟು ಬಡಿತ ಕಾಯಿಸುತ್ತದೆ ಎಂಬುದು. ಸಿಎಲ್ ಕಡಿಮೆ ಇದ್ದಷ್ಟು ಒಳ್ಳೆಯದು, ಆದರೆ ವೇಗದ ಜೊತೆ ಸೇರಿಸಿಯೇ ನೋಡಬೇಕು. ಲೆಕ್ಕ ಸುಲಭ: ಸಿಎಲ್ ಅನ್ನು 2000ದಿಂದ ಗುಣಿಸಿ, ವೇಗದಿಂದ ಭಾಗಿಸಿ. ಬರುವುದು ನ್ಯಾನೋಸೆಕೆಂಡ್. 3200 ಸಿಎಲ್16ಕ್ಕೆ 10. 6000 ಸಿಎಲ್30ಕ್ಕೂ 10. 6000 ಸಿಎಲ್36ಕ್ಕೆ 12. 4800 ಸಿಎಲ್40ಕ್ಕೆ ಸುಮಾರು 16.7. ಅಂದರೆ ಅಗ್ಗದ ಡಿಡಿಆರ್5 ಅಗಲದಲ್ಲಿ ಗೆದ್ದರೂ, ಉತ್ತರ ಕೊಡುವುದರಲ್ಲಿ ಒಳ್ಳೆಯ ಡಿಡಿಆರ್4ಗಿಂತ ಹಿಂದೆ.

ಎಎಂ5ಗೆ 6000 ಸಿಎಲ್30 ಸರಿಯಾದ ಜೋಡಿ, ಬೆಲೆ ಜಾಸ್ತಿ ಎನಿಸಿದರೆ ಸಿಎಲ್36 ಕೂಡ ಆದೀತು. ಎಎಂ4ಗೆ 3200 ಅಥವಾ 3600. ಇಂಟೆಲ್ ಡಿಡಿಆರ್4ಗೆ 3200. ಎಚ್610 ಬೋರ್ಡ್ ಹಾಕುವವರು 3600ಕ್ಕೆ ದುಡ್ಡು ಕೊಡಬೇಡಿ, ಆ ಬೋರ್ಡ್ ರ‍್ಯಾಮನ್ನು 3200ರ ಮೇಲೆ ಓಡಿಸುವುದಿಲ್ಲ. ಬಣ್ಣದ ಲೈಟ್ ಬೇಕಾ ಎಂದು ಕೇಳುತ್ತಾರೆ. ಅದು ನಿಮ್ಮಿಷ್ಟ, ಕೆಲಸಕ್ಕೆ ಸಂಬಂಧವಿಲ್ಲ.

ಹಂತ 7: ನಮ್ಮ ಸೆಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಯೂಟ್ಯೂಬಿನಲ್ಲಿ ಪ್ರೊಸೆಸರ್ ಬಿಸಿ ಅಳೆದು ತೋರಿಸುವವರಲ್ಲಿ ಹೆಚ್ಚಿನವರು 20-22 ಡಿಗ್ರಿಯ ಕೋಣೆಯಲ್ಲಿ ಕೂತಿರುತ್ತಾರೆ. ಏಪ್ರಿಲ್‌ನಲ್ಲಿ ಉಡುಪಿಯ ಮನೆಯೊಳಗೆ 33 ಡಿಗ್ರಿ. ಕೂಲರ್ ಎಷ್ಟೇ ಒಳ್ಳೆಯದಾದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಅವರು 72 ತೋರಿಸಿದರೆ ನಿಮ್ಮಲ್ಲಿ ಹೆಚ್ಚುಕಡಿಮೆ 84 ಎಂದು ತಿಳಿಯಿರಿ. ರೈಜನ್ 5 5600ರ ಮಿತಿ 90, ರೈಜನ್ 5 7600ರದ್ದು 95, ಐ5-12400ರದ್ದು 100. ಮಿತಿ ಮುಟ್ಟಿದರೆ ಸುಟ್ಟುಹೋಗುವುದಿಲ್ಲ, ತಾನೇ ವೇಗ ಇಳಿಸಿಕೊಳ್ಳುತ್ತದೆ. ಅಂದರೆ ನೀವು ದುಡ್ಡು ಕೊಟ್ಟ ವೇಗ ಸಿಗುವುದಿಲ್ಲ.

ಇದೇ ಕಾರಣಕ್ಕೆ ನಾನು ಕರಾವಳಿಯವರಿಗೆ 65 ವ್ಯಾಟ್ ವರ್ಗದ ಪ್ರೊಸೆಸರ್‌ಗಳನ್ನೇ ಹೇಳುವುದು. ಇಲ್ಲೂ ಒಂದು ಮಾತು: 65 ಎಂಬುದು ಮೂಲ ಅಂಕಿ. ಐ5-12400 ಜೋರಾಗಿ ದುಡಿಯುವಾಗ 117 ವ್ಯಾಟ್‌ವರೆಗೂ ಎಳೆಯುತ್ತದೆ. ಲೆಕ್ಕ, ಓದು, ಕೋಡಿಂಗ್‌ಗೆ ಡಬ್ಬದ ಜೊತೆ ಬಂದ ಕೂಲರ್ ಸಾಕು. ಗಂಟೆಗಟ್ಟಲೆ ರೆಂಡರ್ ಮಾಡುವವರು ಒಂದು ಟವರ್ ಏರ್ ಕೂಲರ್ ಹಾಕಿ. ಕ್ಯಾಬಿನೆಟ್ ಮುಂದೆ ಗಾಜಿನದ್ದು ಬೇಡ, ಜಾಲರಿಯದ್ದು ಇರಲಿ.

ಮಲ್ಪೆ, ಪಣಂಬೂರು ಕಡೆ ಸಮುದ್ರದ ಹತ್ತಿರ ಇರುವವರಿಗೆ ಉಪ್ಪುಗಾಳಿಯ ಕಾಟ ಬೇರೆ. ಕಂಪ್ಯೂಟರನ್ನು ಕಿಟಕಿ ಪಕ್ಕ ಇಡಬೇಡಿ. ಮಳೆಗಾಲದಲ್ಲಿ ವಾರಗಟ್ಟಲೆ ಆಫ್ ಮಾಡಿಡುವ ಬದಲು ದಿನಕ್ಕೆ ಒಂದು ಗಂಟೆಯಾದರೂ ಓಡಿಸಿ. ಒಳಗಿನ ಬಿಸಿಯೇ ತೇವ ಓಡಿಸುತ್ತದೆ. ಸಿಡಿಲು ಬರುವಾಗ ಮಾತ್ರ ಪ್ಲಗ್ ಕಿತ್ತಿಡಿ, ಇಂಟರ್ನೆಟ್ ಕೇಬಲ್ ಕೂಡ.

ಹಂತ 8: ಕೊಳ್ಳುವುದು

ಮಂಗಳೂರಿನ ಹಂಪನಕಟ್ಟೆಯ ಅಂಗಡಿ, ಬೆಂಗಳೂರಿನ ಎಸ್.ಪಿ. ರಸ್ತೆ, ಆನ್‌ಲೈನ್. ಮೂರರ ಬೆಲೆಯನ್ನೂ ಒಂದೇ ದಿನ ಕೇಳಿ. ಈಗ ರ‍್ಯಾಮ್ ಬೆಲೆ ವಾರದಿಂದ ವಾರಕ್ಕೆ ಬದಲಾಗುತ್ತದೆ. ಎಸ್.ಪಿ. ರಸ್ತೆಯಲ್ಲಿ ಸ್ವಲ್ಪ ಕಡಿಮೆಗೆ ಸಿಕ್ಕಿದರೂ, ಕೆಟ್ಟ ಬೋರ್ಡನ್ನು ಘಾಟಿ ಹತ್ತಿಸಿ ವಾಪಸ್ ಕಳಿಸುವ ಖರ್ಚು, ದಿನ ಎರಡನ್ನೂ ನೆನೆಸಿಕೊಳ್ಳಿ. ವ್ಯತ್ಯಾಸ ಸಣ್ಣದಾದರೆ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರನ್ನೂ ಊರಿನ ಒಂದೇ ಅಂಗಡಿಯಿಂದ ತನ್ನಿ. ಆಗ ಹೊಂದಲಿಲ್ಲ ಎಂದರೆ ಉತ್ತರ ಹೇಳುವವರು ಒಬ್ಬರೇ ಇರುತ್ತಾರೆ.

ಪ್ರೊಸೆಸರ್ ಸೀಲ್ ಮಾಡಿದ ಡಬ್ಬದಲ್ಲೇ ಇರಲಿ. ಇಂಟೆಲ್, ಎಎಂಡಿ ಎರಡೂ ಡಬ್ಬದ ಪ್ರೊಸೆಸರ್‌ಗೆ 3 ವರ್ಷ ವಾರಂಟಿ ಕೊಡುತ್ತವೆ. ಟ್ರೇ ಅಥವಾ ಓಇಎಂ ಎಂದು ಬಿಡಿಯಾಗಿ ಕೊಡುವುದಕ್ಕೆ ಕಂಪನಿಯ ನೇರ ವಾರಂಟಿ ಇಲ್ಲ, ಮಾರಿದವರನ್ನೇ ಕೇಳಬೇಕು. "ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೇನೆ" ಎಂದರೆ ಒಪ್ಪಬೇಡಿ. 18% ಜಿಎಸ್‌ಟಿ ಉಳಿಸಲು ಹೋಗಿ ವಾರಂಟಿಯನ್ನೇ ಕಳೆದುಕೊಳ್ಳುತ್ತೀರಿ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ, ಅಲ್ಲೇ ಫೋಟೋ ತೆಗೆಯಿರಿ. ನಮ್ಮ ಮಳೆಗಾಲದ ತೇವಕ್ಕೆ ಥರ್ಮಲ್ ಕಾಗದದ ಬಿಲ್ ಎರಡು ವರ್ಷದಲ್ಲಿ ಬೆಳ್ಳಗಾಗಿಬಿಡುತ್ತದೆ.

ಹಂತ 9: ಕೂರಿಸುವುದು

ಬೆಳಿಗ್ಗೆ, ತಂಪು ಹೊತ್ತಿನಲ್ಲಿ ಮಾಡಿ. ಬೆವರಿದ ಕೈ ರ‍್ಯಾಮ್‌ನ ಚಿನ್ನದ ಬಣ್ಣದ ಪಟ್ಟಿಗೆ ತಾಗಬಾರದು, ಅಂಚು ಹಿಡಿದೇ ಎತ್ತಿ. ನಮ್ಮ ಗಾಳಿಯಲ್ಲಿ ತೇವ ಇರುವುದರಿಂದ ಮೈಯ ಸ್ಥಿರ ವಿದ್ಯುತ್ ಒಣ ಊರುಗಳಷ್ಟು ಕಾಡುವುದಿಲ್ಲ. ಆದರೂ ಆಗಾಗ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟುತ್ತಿರಿ.

ಪ್ರೊಸೆಸರ್ ಮೂಲೆಯ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಸುಮ್ನೆ ಇಡಿ, ಒತ್ತಬೇಡಿ. ಇಂಟೆಲ್ ಮತ್ತು ಎಎಂ5ರಲ್ಲಿ ಪಿನ್‌ಗಳು ಬೋರ್ಡಿನಲ್ಲಿ ಇರುತ್ತವೆ. ಬೆರಳು ತಾಗಿ ಒಂದು ಬಾಗಿದರೂ ಬೋರ್ಡ್ ಹೋಯಿತು, ಅದಕ್ಕೆ ವಾರಂಟಿಯೂ ಸಿಗುವುದಿಲ್ಲ. ಅಂಗಡಿಯಲ್ಲೇ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚ್ ಬಿಟ್ಟು ಪಿನ್ ಸಾಲು ನೋಡಿಕೊಂಡೇ ತನ್ನಿ. ಎಎಂ4ರಲ್ಲಿ ಪಿನ್ ಪ್ರೊಸೆಸರ್‌ನಲ್ಲಿದೆ. ಅಲ್ಲಿ ಕೂಲರ್ ತೆಗೆಯುವಾಗ ನೇರ ಎಳೆಯಬೇಡಿ. ಸ್ವಲ್ಪ ಹೊತ್ತು ಓಡಿಸಿ, ಕೂಲರ್ ಮತ್ತು ಪ್ರೊಸೆಸರ್ ನಡುವೆ ಹಚ್ಚಿದ ಪೇಸ್ಟ್ ಬಿಸಿಯಾದ ಮೇಲೆ, ಆಫ್ ಮಾಡಿ, ಎಡಕ್ಕೆ ಬಲಕ್ಕೆ ತಿರುವಿ ಎತ್ತಿ. ಇಲ್ಲದಿದ್ದರೆ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡು ಕಿತ್ತು ಬರುತ್ತದೆ.

ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡು ಸ್ಟಿಕ್‌ಗಳು ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ. ಬೋರ್ಡಿನ ಮೇಲೆ ಎ2, ಬಿ2 ಎಂದು ಬರೆದಿರುತ್ತದೆ. ಒಂದು, ಎರಡಕ್ಕೆ ಅಕ್ಕಪಕ್ಕ ಹಾಕಿದರೆ ಎರಡು ಸ್ಟಿಕ್ ಇದ್ದೂ ಡ್ಯುಯಲ್ ಚಾನೆಲ್ ಸಿಗುವುದಿಲ್ಲ. "ಟಕ್" ಎಂದು ಶಬ್ದ ಬರುವವರೆಗೆ ಎರಡೂ ತುದಿ ಒತ್ತಿ.

ಹಂತ 10: ಮೊದಲ ಸಲ ಆನ್ ಮಾಡಿದಾಗ

ಎಎಂ5 ಆದರೆ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಗೇ ಇರಬಹುದು. ರ‍್ಯಾಮ್ ಜೊತೆ ಪ್ರೊಸೆಸರ್ ಹೊಂದಿಕೊಳ್ಳುವ ಸಮಯ ಅದು, ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಗಾಬರಿಯಾಗಿ ಸ್ವಿಚ್ ಒತ್ತಬೇಡಿ, ಕಾಲು ಗಂಟೆ ಬಿಡಿ.

ನಂತರ ಬಯೋಸ್‌ಗೆ ಹೋಗಿ. ಇಂಟೆಲ್ ಬೋರ್ಡಿನಲ್ಲಿ ಎಕ್ಸ್‌ಎಂಪಿ, ಎಎಂಡಿಯ ಎಎಂ5ರಲ್ಲಿ ಎಕ್ಸ್‌ಪೋ ಎಂಬ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡದಿದ್ದರೆ ನಿಮ್ಮ 6000ದ ರ‍್ಯಾಮ್ 4800ರಲ್ಲೇ ಓಡುತ್ತಿರುತ್ತದೆ. ಎಷ್ಟೋ ಜನ ವರ್ಷಗಟ್ಟಲೆ ಹೀಗೇ ಬಳಸುತ್ತಾರೆ, ಗೊತ್ತೇ ಇರುವುದಿಲ್ಲ. ವಿಂಡೋಸ್ ಹಾಕಿದ ಮೇಲೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ ನೋಡಿ. ಸಿಪಿಯು-ಝಡ್ ತಂತ್ರಾಂಶದಲ್ಲಿ 3200ರ ರ‍್ಯಾಮ್‌ಗೆ 1600 ಎಂದು ಕಂಡರೆ ಹೆದರಬೇಡಿ. ಒಂದು ಬಡಿತಕ್ಕೆ ಎರಡು ಸಲ ಮಾಹಿತಿ ಸಾಗುವುದರಿಂದ ಅದು ಅರ್ಧ ತೋರಿಸುತ್ತದೆ.

ಕೊನೆಗೆ ಮೆಮ್‌ಟೆಸ್ಟ್86, ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ. ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಎಬ್ಬಿಸಿ, ರಾತ್ರಿ ಮಲಗುವಾಗ ಓಡಲು ಬಿಡಿ. ನಾಲ್ಕು ಸುತ್ತು ಪೂರ್ತಿ ಆಗಬೇಕು. ಬೆಳಿಗ್ಗೆ ಒಂದೇ ಒಂದು ತಪ್ಪು ತೋರಿಸಿದರೂ "ಒಂದೇ ಅಲ್ವಾ" ಎಂದು ಬಿಡಬೇಡಿ. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿ ಮತ್ತೆ ಓಡಿಸಿ. ಈಗ ತಪ್ಪು ಬರದಿದ್ದರೆ ಆ ವೇಗವೇ ಜಾಸ್ತಿಯಾಯಿತು: 6000ದ ಬದಲು 5600ಕ್ಕೆ ಇಳಿಸಿ ನೋಡಿ. ಆಫ್ ಮಾಡಿದ ಮೇಲೂ ತಪ್ಪು ಬಂದರೆ ಒಂದು ಸ್ಟಿಕ್ ತೆಗೆದು ಇನ್ನೊಂದನ್ನು ಪರೀಕ್ಷಿಸಿ, ಆಮೇಲೆ ಅದಲು ಬದಲು ಮಾಡಿ. ಕೆಟ್ಟದ್ದು ಯಾವುದು ಎಂದು ಗೊತ್ತಾದ ಮೇಲೆ ತಪ್ಪು ತೋರಿಸಿದ ಪರದೆಯ ಫೋಟೋ, ಬಿಲ್‌ನ ಫೋಟೋ ಎರಡನ್ನೂ ಹಿಡಿದು ಅಂಗಡಿಗೆ ಹೋಗಿ. ಕಿಟ್ ಆಗಿ ಕೊಂಡಿದ್ದರೆ ಕೆಟ್ಟದ್ದೊಂದನ್ನೇ ಅಲ್ಲ, ಎರಡೂ ಸ್ಟಿಕ್ ಕೊಂಡುಹೋಗಿ. ಜೋಡಿಯಾಗಿಯೇ ಬದಲಿಸಿ ಕೊಡುತ್ತಾರೆ.